ಕ್ಯಾಮೆರಾ ಚಲನ್ ಬಂತಾ? ಫೋಟೋ ನೋಡದೆ ದಂಡ ಕಟ್ಟಬೇಡಿ

ನನ್ನ ಬೈಕಿನ ಮೇಲೆ ಸಿಗ್ನಲ್ ಜಂಪ್ ಚಲನ್ ಬಂತು. ದಂಡ 500 ರೂಪಾಯಿ. ಆ ರಸ್ತೆಗೆ ನಾನು ಹೋಗಿಯೇ ಇರಲಿಲ್ಲ. ಮನೆಯಲ್ಲೂ ಆಫೀಸಿನಲ್ಲೂ ಎಲ್ಲರದ್ದೂ ಒಂದೇ ಮಾತು: "ಐನೂರು ತಾನೆ, ಕಟ್ಟಿ ಬಿಸಾಕು." ದಯವಿಟ್ಟು ಈ ಮಾತು ಕೇಳಬೇಡಿ.

ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಫೋಟೋ ತೆರೆದೆ. ಅದರಲ್ಲಿದ್ದದ್ದು ಕಪ್ಪು ಸ್ಕೂಟರ್, ಮುಂದೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಹೋಗುತ್ತಿತ್ತು. ದೊಡ್ಡದು ಮಾಡಿ ನೋಡಿದಾಗ ಕಥೆ ಗೊತ್ತಾಯ್ತು. ಆ ಸ್ಕೂಟರಿನ ನಂಬರಿನ ಕೊನೆ ಅಂಕಿ 3. ಪ್ಲೇಟಿನ ಸ್ಕ್ರೂ ಸರಿಯಾಗಿ ಆ 3ರ ಎಡಕ್ಕೆ ಬಂದು ಕೂತಿತ್ತು. ಕ್ಯಾಮೆರಾ ಅದನ್ನು 8 ಅಂತ ಓದಿಕೊಂಡಿತ್ತು. 8 ಅಂದ್ರೆ ನಾನು!

ಠಾಣೆಗೆ ಹೋದೆ. ಅಲ್ಲಿ ಕೂತಿದ್ದವರು ಫೋಟೋ ಕಡೆ ತಿರುಗಿಯೂ ನೋಡದೆ, "ಕಂಪ್ಯೂಟರ್ ತಪ್ಪು ಮಾಡಲ್ಲ ಸಾರ್, ಕಟ್ಟಿಬಿಡಿ" ಅಂದರು.

ಕಾನೂನು ಹಾಗೆ ಹೇಳುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಕ್ಯಾಮೆರಾದಂಥ ಯಂತ್ರಗಳಿಂದ ರಸ್ತೆ ಮೇಲೆ ನಿಗಾ ಇಡುವ ಸೆಕ್ಷನ್ 136ಎ ಸೇರಿತು. ಅದರಡಿ 2021ರ ಆಗಸ್ಟ್‌ನಲ್ಲಿ ನಿಯಮ 167ಎ ಬಂತು. ಕ್ಯಾಮೆರಾ ಚಲನ್‌ನಲ್ಲಿ ತಪ್ಪೂ ನಂಬರ್ ಪ್ಲೇಟೂ ಎರಡೂ ಸ್ಪಷ್ಟವಾಗಿ ಕಾಣುವ ಫೋಟೋ ಇರಬೇಕು. ದಿನ, ಸಮಯ, ಜಾಗ, ಯಾವ ಸೆಕ್ಷನ್ ಅನ್ನೋದು ಇರಬೇಕು. ಅತಿವೇಗದ ಕೇಸಾದರೆ ಯಂತ್ರ ಅಳೆದ ವೇಗವೂ ಬೇಕು. ಇಷ್ಟೇ ಅಲ್ಲ, ಕ್ಯಾಮೆರಾಗೆ ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರದ ಒಪ್ಪಿಗೆ ಪತ್ರ ಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಮುಂದೆ ಕ್ಯಾಮೆರಾ ಇದೆ ಅಂತ ಬೋರ್ಡ್ ಕೂಡ ಹಾಕಿರಬೇಕು.

ಎಲ್ಲಕ್ಕಿಂತ ಮುಖ್ಯ, ಎಲೆಕ್ಟ್ರಾನಿಕ್ ಸಾಕ್ಷ್ಯದ ಸರ್ಟಿಫಿಕೇಟ್, ಅಂದ್ರೆ ಈ ಫೋಟೋ ಯಾವ ಯಂತ್ರದಿಂದ, ಹೇಗೆ ಬಂತು ಅಂತ ಸಹಿ ಹಾಕಿ ಕೊಡುವ ಪತ್ರ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 65ಬಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಮೂಲ ಸಾಧನವನ್ನೇ ಕೋರ್ಟಿಗೆ ತರದೆ ಅದರ ಪ್ರತಿ ಕೊಟ್ಟರೆ ಈ ಸರ್ಟಿಫಿಕೇಟ್ ಬೇಕೇಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ಪ್ರಕರಣದಲ್ಲಿ ಹೇಳಿದೆ. ಅದು ಚುನಾವಣೆ ತಕರಾರಿನ ಕೇಸು, ಆದರೆ ತತ್ವ ಅದೇ.

ಆಮೇಲೆ ಬಾಯಿ ಮಾತು ಬಿಟ್ಟೆ. ಚಲನ್ ಫೋಟೋ, ಆರ್‌ಸಿ, ನನ್ನ ಬೈಕಿನ ಹಿಂಬದಿ ಫೋಟೋ ಎಲ್ಲಾ ಪ್ರಿಂಟ್ ಹಾಕಿಸಿ ಅರ್ಜಿ ಕೊಟ್ಟೆ. ಸೀಲ್ ಹಾಕಿದ ಸ್ವೀಕೃತಿ ಇಸ್ಕೊಂಡೆ. ಸೀಲ್ ಹಾಕುವಾಗ ಮಾತ್ರ ಅವರು ಮೊದಲ ಸಲ ಫೋಟೋ ನೋಡಿದರು. ಚಲನ್ ರದ್ದಾಯ್ತು, ಆದರೆ ಅಷ್ಟರಲ್ಲಿ ಎರಡು ಅರ್ಧ ದಿನದ ರಜೆ ಹೋಗಿತ್ತು.

ಗಾಡಿ ನಿಮ್ಮದೇ ಆಗಿ, ಓಡಿಸಿದವರು ಬೇರೆ ಅಂದ್ರೆ ಅದು ಬೇರೆ ಲೆಕ್ಕ. ಪೊಲೀಸರು ಕೇಳಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 133ರ ಪ್ರಕಾರ ಓಡಿಸಿದವರ ಹೆಸರು, ಲೈಸೆನ್ಸ್ ವಿವರ ಕೊಡಲೇಬೇಕು.

ಇನ್ನು ದಂಡ ಕಟ್ಟುವುದು ಅಂದರೆ ಅದೇ ಕಾಯ್ದೆಯ ಸೆಕ್ಷನ್ 200ರಡಿ ರಾಜಿ ಮಾಡಿಕೊಂಡಂತೆ. ಕೇಸ್ ಅಲ್ಲಿಗೇ ಮುಗೀತು. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಕ್ಯಾಮೆರಾ ದಾಖಲೆಯನ್ನು ಚಲನ್ ಇತ್ಯರ್ಥ ಆಗುವವರೆಗೆ ಇಡಬೇಕು ಅಂತ ಮಾತ್ರ ನಿಯಮದಲ್ಲಿದೆ. ಕಟ್ಟಿದ ಮೇಲೆ ಹೋಗಿ ಫೋಟೋ ಕೇಳಿದರೆ, ಅದನ್ನು ಇಟ್ಟಿರಲೇಬೇಕು ಅಂತ ಏನೂ ಇಲ್ಲ.