ಆಪರೇಷನ್ ಆಯಿತೆಂದು ಬೆನ್ನುಮೂಳೆ ಟಿಬಿಯ ಮಾತ್ರೆ ಬಿಡಬೇಡಿ

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ನನ್ನ ಅಣ್ಣನಿಗೆ ಬೆನ್ನುನೋವು ಶುರುವಾದಾಗ, ದಿನವೂ ಚೀಲ ಹೊರುವವನಿಗೆ ಇದು ಇದ್ದದ್ದೇ ಎಂದು ನಾವೆಲ್ಲ ಸುಮ್ಮನಿದ್ದೆವು. ಊರಲ್ಲಿ ವೈದ್ಯ ಮಾಡುವ ಆರ್‌ಎಂಪಿಯೊಬ್ಬರು ನಾಲ್ಕು ತಿಂಗಳು ನೋವಿನ ಇಂಜೆಕ್ಷನ್ ಕೊಡುತ್ತಲೇ ಹೋದರು. ದುಡಿದ ನೋವು ಮಲಗಿದರೆ ಇಳಿಯುತ್ತದೆ. ಅಣ್ಣನ ನೋವು ರಾತ್ರಿಯೇ ಹೆಚ್ಚುತ್ತಿತ್ತು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ತೂಕ ಇಳಿಯುತ್ತಿತ್ತು. ಕೆಮ್ಮು ಇಲ್ಲದ್ದರಿಂದ ಕ್ಷಯದ ಯೋಚನೆ ಯಾರಿಗೂ ಬರಲಿಲ್ಲ. ನಡೆಯುವಾಗ ಕಾಲಿನ ಚಪ್ಪಲಿ ಕಳಚಿ ಹೋದರೂ ಅವನಿಗೆ ತಿಳಿಯದಂತಾದ ಮೇಲೆಯೇ ನಾವು ಬಳ್ಳಾರಿಗೆ ಕರೆದೊಯ್ದದ್ದು.

ಎದೆ ಮತ್ತು ಸೊಂಟ ಕೂಡುವಲ್ಲಿ ಎರಡು ಮೂಳೆಗಳು ಸವೆದು, ಕೀವು ಬೆನ್ನುಹುರಿಯನ್ನು ಒತ್ತುತ್ತಿರುವುದು ಎಂಆರ್‌ಐಯಲ್ಲಿ ಕಂಡಿತು. ಬೆನ್ನುಮೂಳೆಯ ಟಿಬಿ ಅನೇಕರಿಗೆ ಮಾತ್ರೆಯಿಂದಲೇ ವಾಸಿಯಾಗುತ್ತದೆಯಾದರೂ, ಕಾಲಿನ ಶಕ್ತಿ ಕುಂದುತ್ತಿದ್ದುದರಿಂದ ಅಣ್ಣನಿಗೆ ಶಸ್ತ್ರಚಿಕಿತ್ಸೆ ಮಾಡಿ, ಒತ್ತಡ ತೆಗೆದು, ಸ್ಕ್ರೂ ಮತ್ತು ರಾಡ್ ಹಾಕಿದರು. ಅದರ ಜೊತೆಗೆ ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 10 ತಿಂಗಳು ಮೂರು ಔಷಧ ಎಂದು ಬರೆದುಕೊಟ್ಟರು. ಮಾತ್ರೆಗಳು ಸರ್ಕಾರದಿಂದ ಉಚಿತವಾಗಿಯೇ ಬರುತ್ತಿದ್ದವು.

ನಾವು ಎಡವಿದ್ದು ಇದರ ನಂತರ. ಐದನೇ ತಿಂಗಳಿಗೆ ಅಣ್ಣ ಕೋಲಿಲ್ಲದೆ ನಡೆದ. ಕೆಟ್ಟದ್ದನ್ನು ಡಾಕ್ಟರು ಕೊಯ್ದು ತೆಗೆದಿದ್ದಾರಲ್ಲ, ಹೊಟ್ಟೆ ತೊಳಸುವ, ಮೂತ್ರ ಕೆಂಪಗೆ ಬರಿಸುವ ಮಾತ್ರೆ ಇನ್ನೇಕೆ ಎಂದು ಅವನು ಬಿಟ್ಟುಬಿಟ್ಟಾಗ ನಾನೂ ತಡೆಯಲಿಲ್ಲ. ಆ ತಪ್ಪು ನನ್ನದೂ ಹೌದು. ಮೂರೇ ತಿಂಗಳಲ್ಲಿ ಬೆನ್ನಿನ ಕೀವು ಸ್ನಾಯುವಿನ ಗುಂಟ ಇಳಿದು ತೊಡೆಸಂದಿಯಲ್ಲಿ ಬಾವಾಗಿ ನಿಂತಿತು. ಮುಟ್ಟಿದರೆ ಬಿಸಿಯೂ ಇಲ್ಲ, ಹೆಚ್ಚು ನೋವೂ ಇಲ್ಲ.

ಸ್ಕ್ರೂ ಮೂಳೆಯನ್ನು ಹಿಡಿದು ನಿಲ್ಲಿಸುತ್ತದೆ, ರೋಗಾಣುವನ್ನು ಕೊಲ್ಲುವುದು ಮಾತ್ರೆಯೇ ಎಂದು ಡಾಕ್ಟರು ಆಗ ಬಿಡಿಸಿ ಹೇಳಿದರು. ಮೂತ್ರದ ಬಣ್ಣ ರಿಫಾಂಪಿಸಿನ್ ಎಂಬ ಟಿಬಿ ಔಷಧದಿಂದ ಬರುವುದು, ಅದರಿಂದ ಅಪಾಯವಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಯಾವ ಔಷಧ ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ಡಾಕ್ಟರೇ ನಿರ್ಧರಿಸಬೇಕು. ಕೀವಿನಲ್ಲಿ ಟಿಬಿ ರೋಗಾಣು ಇದೆಯೇ, ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ನೋಡುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿ ಫಲಿತಾಂಶಕ್ಕೆ ಕಾಯ್ದ ಆ ಹೊತ್ತು, ರೋಗಾಣು ಔಷಧಕ್ಕೆ ಬಗ್ಗದಂತಾಗಿದ್ದರೆ ಗತಿಯೇನು ಎಂಬ ಭಯದಲ್ಲಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಪುಣ್ಯಕ್ಕೆ ಹಾಗಾಗಿರಲಿಲ್ಲ.

ಈಗ ಮೊದಲಿನಿಂದ ಮತ್ತೆ ಶುರುವಾದ ಚಿಕಿತ್ಸೆಯ ಏಳನೇ ತಿಂಗಳು ನಡೆದಿದೆ, ಎಡಗಾಲಿನ ಬೆರಳುಗಳಿಗೆ ಇನ್ನೂ ಸ್ಪರ್ಶ ಪೂರ್ತಿ ಬಂದಿಲ್ಲ, ಮಾತ್ರೆಯನ್ನು ದಿನವೂ ನಾನೇ ನಿಂತು ನುಂಗಿಸುತ್ತೇನೆ.