‘ಲೋ ನಾಯ್ಸ್’ ಮಿಕ್ಸರ್ ಬೋರ್ಡ್ ಕೊಳ್ಳುವ ಮುಂಚೆ ಇದನ್ನು ಓದಿ

145 ಮೆಗಾಹರ್ಟ್ಸ್ ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡಿಗೆ ರಿಸೀವರ್ ಕಟ್ಟುತ್ತಿರುವವರು ದಯವಿಟ್ಟು ಗಮನಿಸಿ. ಆನ್‌ಲೈನ್‌ನಲ್ಲಿ ‘ಲೋ ನಾಯ್ಸ್ ಬ್ರಾಡ್‌ಬ್ಯಾಂಡ್ ಮಿಕ್ಸರ್’ ಅಂತ ರೆಡಿ ಬೋರ್ಡ್ ಮಾರುತ್ತಾರೆ. ಮುಂದೆ ಆಂಪ್ಲಿಫೈಯರ್, ಅದಕ್ಕೆ ಅಂಟಿಕೊಂಡೇ ಡಯೋಡ್ ರಿಂಗ್ ಮಿಕ್ಸರ್. ಮಿಕ್ಸರ್ ಅಂದರೆ ಬಂದ ಸಿಗ್ನಲನ್ನು ಆಸಿಲೇಟರಿನ ಸಿಗ್ನಲ್ ಜೊತೆ ಬೆರೆಸಿ ಬೇರೆ ಆವರ್ತನಕ್ಕೆ ಇಳಿಸುವ ಭಾಗ. ನಾಯ್ಸ್ ಫಿಗರ್ (ಸರ್ಕ್ಯೂಟ್ ತಾನೇ ಸೇರಿಸುವ ಸದ್ದಿನ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 0.6 ಡಿಬಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಂಬಿ ತರಿಸಿದೆ.

ಆ 0.6 ಆಂಪ್ಲಿಫೈಯರ್ ಚಿಪ್‌ದು ಮಾತ್ರ, ಇಡೀ ಬೋರ್ಡಿನದಲ್ಲ. ನನ್ನ ಐಎಫ್ (ಮಿಕ್ಸರಿನಿಂದ ಹೊರಬರಬೇಕಾದ ಆವರ್ತನ) 10.7 ಮೆಗಾಹರ್ಟ್ಸ್, ಆಸಿಲೇಟರ್ 134.3, ಅಂದರೆ 145ಕ್ಕಿಂತ 10.7 ಕೆಳಗೆ. ಆಗ ಆಸಿಲೇಟರಿಗಿಂತ 10.7 ಕೆಳಗಿರುವ 123.6 ಕೂಡ ಅದೇ 10.7ಕ್ಕೆ ಬಂದು ಬೀಳುತ್ತದೆ. ಅದು ವಿಮಾನದವರ ಬ್ಯಾಂಡ್. ಸಿಗ್ನಲ್ ಜನರೇಟರನ್ನು 145ರಿಂದ 123.6ಕ್ಕೆ ತಿರುಗಿಸಿದೆ. ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ! ಎರಡೂ ಒಂದೇ ಜೋರು.

ಆಂಟೆನಾ ಕಡೆ ಒಳ್ಳೆ ಫಿಲ್ಟರ್ ಹಾಕಿದೆ. 123.6ರ ಸಿಗ್ನಲ್ ಹೋಯಿತು, ಆದರೆ ಸುಯ್ ಅನ್ನೋ ಸದ್ದು ಇಳಿಯಲಿಲ್ಲ. ಯಾಕೆಂದರೆ ಆಂಪ್ಲಿಫೈಯರ್ ತಾನೇ 123.6ರಲ್ಲೂ ನಾಯ್ಸ್ ಹುಟ್ಟಿಸುತ್ತದೆ. ಮಿಕ್ಸರ್ ಅದನ್ನೂ ಮಡಚಿ ನಮ್ಮ ಸಿಗ್ನಲ್ ಮೇಲೆ ಹಾಕುತ್ತದೆ. ಫಿಲ್ಟರೇ ಇಲ್ಲದಿದ್ದರೆ ನಾಯ್ಸ್ ಫಿಗರ್ ಸುಮಾರು 3 ಡಿಬಿ ಕೆಡುತ್ತದೆ. ಅಂದಮೇಲೆ 0.6ಕ್ಕೆ ಏನು ಅರ್ಥ, ಹೇಳಿ? ಫಿಲ್ಟರ್ ಇರಬೇಕಾದದ್ದು ಆಂಪ್ಲಿಫೈಯರ್ ಮತ್ತು ಮಿಕ್ಸರ್ ನಡುವೆ. ಈ ಬೋರ್ಡಿನಲ್ಲಿ ಅಲ್ಲಿ ಬರೀ ಅಕ್ಕಿಕಾಳಿನಷ್ಟು ಉದ್ದದ ತಾಮ್ರದ ಗೆರೆ.

ಬೆಂಗಳೂರಿನಲ್ಲಿ ಇನ್ನೊಂದು ತೊಂದರೆ. 101.3, 102.9ರ ಆಕಾಶವಾಣಿ, ಜೊತೆಗೆ ಖಾಸಗಿ ಎಫ್‌ಎಂಗಳು, ಎಲ್ಲವೂ ಒಟ್ಟಿಗೆ ಆಂಪ್ಲಿಫೈಯರ್‌ಗೆ ನುಗ್ಗುತ್ತವೆ. ಪ್ಲಸ್ 7 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಶಕ್ತಿಯ ಅಳತೆ) ಆಸಿಲೇಟರ್ ಬೇಡುವ ಡಯೋಡ್ ಮಿಕ್ಸರ್ ಪ್ಲಸ್ 1ರ ಆಸುಪಾಸಿನವರೆಗೆ ತಡೆದುಕೊಳ್ಳುತ್ತದೆ. ಮುಂದೆ 20 ಡಿಬಿ ಗೇನ್ (ವರ್ಧನೆ) ಇಟ್ಟರೆ ಆಂಟೆನಾದಲ್ಲಿ ಮೈನಸ್ 19ಕ್ಕೇ ಅದರ ಕಥೆ ಮುಗಿಯಿತು.

ಐಎಫ್ ಕಡೆ ಡಿಪ್ಲೆಕ್ಸರ್ (ಬೇಡದ ಆವರ್ತನಗಳನ್ನು ಹೀರಿಕೊಳ್ಳುವ ಸರ್ಕ್ಯೂಟ್) ಕೂಡ ಇರಲಿಲ್ಲ. ಕ್ರಿಸ್ಟಲ್ ಫಿಲ್ಟರನ್ನು ನೇರವಾಗಿ ಕೊಟ್ಟರೆ ಬೇಡದ್ದೆಲ್ಲ ವಾಪಸ್ ಮಿಕ್ಸರಿಗೇ ಬರುತ್ತದೆ.

ಮಾರಿದವರನ್ನು ಕೇಳಿದರೆ ‘ಚಿಪ್‌ನ ಡೇಟಾಶೀಟ್ ನೋಡಿ’ ಎಂದರು. ದುಡ್ಡು ವಾಪಸ್ ಕೊಡಲಿಲ್ಲ. ಕೊನೆಗೆ ಆ ಗೆರೆ ಕತ್ತರಿಸಿ, ನಡುವೆ 145ರ ಬ್ಯಾಂಡ್‌ಪಾಸ್ ಫಿಲ್ಟರ್ ಬೆಸುಗೆ ಹಾಕಿದೆ. ಸದ್ದು ತಕ್ಷಣ ಇಳಿಯಿತು. ಆದರೆ ಬ್ರಾಡ್‌ಬ್ಯಾಂಡ್ ಅಂತ ಕೊಂಡ ಬೋರ್ಡು ಈಗ ಒಂದೇ ಬ್ಯಾಂಡಿಗೆ ಸೀಮಿತ.

ನೀವು ಕೊಳ್ಳುವುದಾದರೆ ಮೊದಲು ಬೋರ್ಡಿನ ಫೋಟೋ ದೊಡ್ಡದು ಮಾಡಿ ನೋಡಿ. ಆಂಪ್ಲಿಫೈಯರ್ ಮತ್ತು ಮಿಕ್ಸರ್ ನಡುವೆ ಕನೆಕ್ಟರೋ ಫಿಲ್ಟರ್ ಕೂರಿಸುವ ಜಾಗವೋ ಕಾಣದಿದ್ದರೆ ಬಿಟ್ಟುಬಿಡಿ. ಎರಡನ್ನೂ ಬೇರೆ ಬೇರೆ ಬೋರ್ಡಾಗಿ ಕೊಳ್ಳಿ.