ತುರ್ಕಿ ವಲಸಿಗರಿಗಾಗಿ ಒಳರೋಗಿ ಮನೋಚಿಕಿತ್ಸೆ: ಜರ್ಮನಿಯ ಒಂದು ವಿಭಾಗದ ವಿಮರ್ಶೆ

ಜರ್ಮನಿಯ ಕೆಲವು ಮನೋದೈಹಿಕ ಚಿಕಿತ್ಸಾಲಯಗಳು (ಮನಸ್ಸಿನ ಒತ್ತಡದೊಂದಿಗೆ ಹೆಣೆದುಕೊಂಡ ದೇಹದ ತೊಂದರೆಗಳಿಗೆ ಚಿಕಿತ್ಸೆ ನೀಡುವಂಥವು) ತುರ್ಕಿ ಮೂಲದವರಿಗೆಂದೇ ಪ್ರತ್ಯೇಕ ವಿಭಾಗಗಳನ್ನು ನಡೆಸುತ್ತವೆ. ಅಂಥದೊಂದರಲ್ಲಿ ನಮ್ಮ ನೆರೆಮನೆಯ ಹಿರಿಯ ಮಹಿಳೆಯೊಬ್ಬರು ದಾಖಲಾಗಿದ್ದಾಗ ನಾನು ಅವರನ್ನು ಕಾಣಲು ಹೋಗುತ್ತಿದ್ದೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನೆಲ್ಲ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ತುರ್ಕಿ ಮತ್ತು ಪಶ್ಚಿಮ ಜರ್ಮನಿಯ ನಡುವಿನ 1961ರ ಅಕ್ಟೋಬರ್ 30ರ ಕಾರ್ಮಿಕ ನೇಮಕಾತಿ ಒಪ್ಪಂದದ ನಂತರ ಇಲ್ಲಿಗೆ ದುಡಿಯಲು ಬಂದವರಲ್ಲಿ ಅನೇಕರು ಮಕ್ಕಳನ್ನು ಊರಿನಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟಿದ್ದರು. ಈ ಮಹಿಳೆ ಹಾಗೆ ತುರ್ಕಿಯ ಅನತೋಲಿಯಾ ಪ್ರದೇಶದ ಹಳ್ಳಿಯಲ್ಲಿ ಉಳಿದು, ತಡವಾಗಿ ತಾಯಿಯನ್ನು ಸೇರಿದವರು. ಭುಜದಿಂದ ಸೊಂಟದವರೆಗೆ ನೋವು, ಎದೆಯಲ್ಲಿ ಬಿಗಿತ, ನಿದ್ರಾಹೀನತೆ ಎಂದು ವರ್ಷಗಟ್ಟಲೆ ವೈದ್ಯರಿಂದ ವೈದ್ಯರಿಗೆ ಅಲೆದರೂ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ದುಭಾಷಿಯ ವೆಚ್ಚವನ್ನು ಸಾರ್ವಜನಿಕ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲವಾದ್ದರಿಂದ ಮಗನೇ ಪಕ್ಕದಲ್ಲಿ ಕುಳಿತು ಭಾಷಾಂತರಿಸುತ್ತಿದ್ದ. ಮಗನ ಎದುರು ಹೇಳಲಾಗದ ಸಂಗತಿಗಳು ವೈದ್ಯರ ಕಿವಿಗೆ ಬೀಳಲೇ ಇಲ್ಲ.

ಈ ವಿಭಾಗದಲ್ಲಿ ತುರ್ಕಿ ಮಾತನಾಡುವ ಚಿಕಿತ್ಸಕರಿದ್ದಾರೆ, ಹಲಾಲ್ ಊಟವಿದೆ, ಮಹಿಳೆಯರಿಗೆ ಪ್ರತ್ಯೇಕ ಗುಂಪು ಇದೆ. ಇವೆಲ್ಲ ಬೇಕಾದವೇ. ಆದರೆ ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಹೆಚ್ಚುಗಾರಿಕೆ ಚಿಕಿತ್ಸೆಯ ಕ್ರಮದಲ್ಲಿದೆ. ಅವರ ನೋವನ್ನು ಯಾರೂ ಬರೀ ಮನಸ್ಸಿನದೆಂದು ತಳ್ಳಿಹಾಕಲಿಲ್ಲ. ಮೊದಲ ವಾರಗಳಲ್ಲಿ ಬೆನ್ನಿನ ವ್ಯಾಯಾಮಕ್ಕೂ ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸಕ್ಕೂ ಒತ್ತುಕೊಟ್ಟು, ಮೈ ಸ್ವಲ್ಪ ಹಗುರಾದ ಮೇಲೆ ಬಾಲ್ಯದ ಮಾತು ತೆಗೆದರು. ಅವರ ಗುಂಪಿನಲ್ಲಿ, ಮಗಳನ್ನು ಊರಿನಲ್ಲಿ ಬಿಟ್ಟು ಬಂದಿದ್ದ ವೃದ್ಧ ತಾಯಿಯೊಬ್ಬರೂ ಇದ್ದರಂತೆ. ತನ್ನ ತಾಯಿಗೆ ಎಂದೂ ಕೇಳಲಾಗದ ಪ್ರಶ್ನೆಯನ್ನು ಇವರು ಆ ವೃದ್ಧೆಗೆ ಕೇಳಿದರು, ಆಕೆ ಉತ್ತರಿಸಿದರು. ತಾಯಿಯ ಮೇಲೆ ಸಿಟ್ಟು ತೋರಿಸಿಯೇ ತೀರಬೇಕೆಂದು ಚಿಕಿತ್ಸಕಿ ಒತ್ತಾಯಿಸದೆ, ಹಿರಿಯರ ಮೇಲಿನ ಗೌರವವನ್ನೂ ಒಳಗಿನ ಸಂಕಟವನ್ನೂ ಒಟ್ಟಿಗೇ ಹೇಳಿಕೊಳ್ಳಲು ಅವಕಾಶ ಮಾಡಿಕೊಟ್ಟದ್ದು ನನಗೆ ಬಹಳ ಮುಖ್ಯವೆನಿಸಿತು. ಸಾಮಾನ್ಯ ಮನೋದೈಹಿಕ ಚಿಕಿತ್ಸಾಲಯಗಳಲ್ಲಿ ತುರ್ಕಿ ಮೂಲದವರಿಗೆ ಇತರರಷ್ಟು ಪ್ರಯೋಜನವಾಗುತ್ತಿಲ್ಲವೆಂದು ಜರ್ಮನ್ ಸಂಶೋಧನೆಗಳೇ ತೋರಿಸಿವೆ. ಇಂಥ ಸೂಕ್ಷ್ಮದ ಕೊರತೆಯೂ ಅದಕ್ಕೊಂದು ಕಾರಣವೆಂದು ನಾನು ನಂಬುತ್ತೇನೆ.

ಮನೆಯವರನ್ನೂ ಕರೆಸಿ ಮಾತನಾಡಿದರು. ಆದರೂ, ರೋಗಿಯ ಜೊತೆ ಮನೆಯವರೇ ಉಳಿಯುವುದನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಂಡಿರುವ ನನಗೆ ಅದು ಕಡಿಮೆಯೆಂದೇ ತೋರಿತು.

ದೊಡ್ಡ ಕೊರತೆ ಎದುರಾಗುವುದು ಬಿಡುಗಡೆಯಾದ ಮೇಲೆ. ಮನೆಯ ಹತ್ತಿರ ತುರ್ಕಿ ಬಲ್ಲ ಮನೋಚಿಕಿತ್ಸಕರು ಸಿಗುವುದು ಕಷ್ಟ, ಸಿಕ್ಕರೂ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ನೆರೆಮನೆಯ ಆ ಮಹಿಳೆಯ ನಿದ್ದೆ ಮತ್ತೆ ಕೆಟ್ಟಿತು.

ಇಂಥ ಪುನಶ್ಚೇತನ ಚಿಕಿತ್ಸೆಗೆ ದುಡಿಯುವ ವಯಸ್ಸಿನವರು ಸಾಮಾನ್ಯವಾಗಿ ಪಿಂಚಣಿ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ದಿನಕ್ಕೆ ಗರಿಷ್ಠ 10 ಯೂರೋದಂತೆ, ವರ್ಷಕ್ಕೆ ಹೆಚ್ಚೆಂದರೆ 42 ದಿನಗಳ ಪಾಲನ್ನು ರೋಗಿ ಭರಿಸಬೇಕಾಗುತ್ತದೆ. ಆದಾಯ ಕಡಿಮೆಯಿದ್ದರೆ ವಿನಾಯಿತಿ ಕೇಳಬಹುದು. ಅರ್ಜಿಯಲ್ಲಿ ತುರ್ಕಿ ಭಾಷೆಯ ವಿಭಾಗವೇ ಬೇಕೆಂದು ಕಾರಣಸಹಿತ ಸ್ಪಷ್ಟವಾಗಿ ಬರೆಯಿರಿ, ಮತ್ತು ದಾಖಲಾಗುವ ಮೊದಲೇ ಊರಿನ ಹೊರರೋಗಿ ಚಿಕಿತ್ಸಕರೊಬ್ಬರ ಸರದಿಯಲ್ಲಿ ಹೆಸರು ಬರೆಸಿಡಿ.